ನಾಯಿ ಗುರುತು ಹಿಡಿಯಲಿಲ್ಲ

ಹೋದ ವಾರ ನಮ್ಮ ಹಳೇ ಕಾಲೇಜು ಗುಂಪಿನಲ್ಲಿ ಒಂದು ಮೆಸೇಜು ಬಂತು. "ನನ್ ಕೈಲಿ ಇನ್ನು ಇದನ್ನ ನೋಡ್ಕೊಳ್ಳೋಕೆ ಆಗಲ್ಲ ಕಣ್ರೋ. ಯಾರಾದ್ರೂ ತಗೊಳ್ತೀರಾ?"

'ಇದು' ಅಂದ್ರೆ ಬೈಕೂ ಅಲ್ಲ, ಬೆಕ್ಕಿನ ಮರಿಯೂ ಅಲ್ಲ. ಒಂದು ಲೋಕ! ನಾವು ಆರು ಜನ ಸೇರಿ ಕಟ್ಟಿದ ಮೈನ್‌ಕ್ರಾಫ್ಟ್ ಲೋಕ. ಹಿಂದೆ ಮುಂದೆ ನೋಡದೆ "ನಾನು ತಗೊಳ್ತೀನಿ" ಅಂದುಬಿಟ್ಟೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ಈ ಲೋಕ ಹಿಂದೊಮ್ಮೆ ಕೈ ಬದಲಾಯಿಸಿದಾಗ ಏನಾಯ್ತು ಅನ್ನೋದು ನನಗೆ ಚೆನ್ನಾಗಿ ನೆನಪಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೈನ್‌ಕ್ರಾಫ್ಟ್‌ನಲ್ಲಿ ಗೆಲ್ಲೋದು ಸೋಲೋದು ಅಂತ ಹೆಚ್ಚೇನೂ ಇಲ್ಲ. ಚೌಕ ಚೌಕ ಕಲ್ಲು ಮಣ್ಣು ಅಗೆಯೋದು, ಮನೆ ಕಟ್ಟೋದು, ಗದ್ದೆ ಮಾಡೋದು, ಅಷ್ಟೇ. ಯಾರಾದರೊಬ್ಬ ಸರ್ವರ್ ನಡೆಸಿದರೆ ಉಳಿದವರು ಅವರವರ ಮನೆಯಿಂದಲೇ ಅದೇ ಲೋಕಕ್ಕೆ ಬರಬಹುದು.

ನಾವು ಶುರು ಮಾಡಿದ್ದು 2020ರ ಜುಲೈನಲ್ಲಿ. ಫೈನಲ್ ಸೆಮಿಸ್ಟರ್ ಪರೀಕ್ಷೆ ಮುಂದಕ್ಕೆ ಹೋಗಿತ್ತು, ಕೆಲಸಕ್ಕೆ ಯಾವಾಗ ಸೇರಬೇಕು ಅಂತ ಕಂಪನಿಯಿಂದ ಸುದ್ದಿಯಿಲ್ಲ, ಎಲ್ಲರೂ ಊರಲ್ಲಿ. ನಾನು ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ, ಅಟ್ಟದ ಕಿಟಕಿಗೆ ಮೊಬೈಲ್ ಕಟ್ಟಿ ಹಾಟ್‌ಸ್ಪಾಟ್ ಮಾಡಿಕೊಂಡು ಆಡ್ತಿದ್ದೆ. ಮಳೆ ಜೋರಾದ್ರೆ ನಾನು ಲೋಕದಿಂದ ಮಾಯ :) ಸರ್ವರ್ ಬಾಡಿಗೆ ಕಟ್ಟುತ್ತಿದ್ದವನಿಗೆ 'ಪಟೇಲ' ಅಂತ ಹೆಸರಿಟ್ಟಿದ್ವಿ, ಯಾರಿಗೆ ಎಲ್ಲಿ ಜಾಗ ಅಂತ ಹಂಚುತ್ತಿದ್ದವನು ಅವನೇ. ಕಬ್ಬಿಣ ಎಷ್ಟು, ಬ್ರೆಡ್ ಎಷ್ಟು ಅಂತ ಲೆಕ್ಕ ಇಡುತ್ತಿದ್ದವನು 'ಶಾನುಭೋಗ'. ಸುರಂಗ, ರಸ್ತೆ ಅಂತ ಸದಾ ಅಗೆಯುತ್ತಿದ್ದವನು 'ಕಂಟ್ರಾಕ್ಟರ್'.

2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ಕಂಟ್ರಾಕ್ಟರನ ಅಪ್ಪ ತೀರಿಕೊಂಡರು. ನಮಗೆ ಹೋಗಿ ನೋಡೋಕೂ ಆಗಲಿಲ್ಲ. ಫೋನ್ ಮಾಡಿದ್ರೆ ಎತ್ತುತ್ತಿರಲಿಲ್ಲ. ಆದ್ರೆ ರಾತ್ರಿ ಹನ್ನೊಂದಕ್ಕೆ ಲೋಕಕ್ಕೆ ಬರೋನು. ಮೈನ್‌ಕ್ರಾಫ್ಟ್‌ನಲ್ಲಿ 'ನೆದರ್' ಅಂತ ಒಂದು ಪಾತಾಳ ಇದೆ, ಎಲ್ಲಿ ನೋಡಿದ್ರೂ ಬೆಂಕಿ, ಲಾವಾ. ಅಲ್ಲಿ ಒಂದು ಹೆಜ್ಜೆ ಇಟ್ಟರೆ ಮೇಲಿನ ಲೋಕದ ಎಂಟು ಹೆಜ್ಜೆಗೆ ಸಮ. ಅದಕ್ಕೇ ದೂರದ ಊರಿಗೆ ಅಲ್ಲಿಂದ ರಸ್ತೆ ಮಾಡ್ತಾರೆ. ಅವನು ಆ ಪಾತಾಳದಲ್ಲಿ ಕೂತು, ಗ್ಯಾಸ್ಟ್ ಉಗುಳುವ ಬೆಂಕಿಯುಂಡೆಗೆ ಒಡೆಯದ ಹಾಗೆ ಕಾಬಲ್‌ಸ್ಟೋನಿನ ಗೋಡೆ, ಚಾವಣಿ ಹಾಕಿ, ನಮ್ಮೂರಿಂದ ಸಮುದ್ರದ ದಂಡೆಯವರೆಗೆ ರಸ್ತೆ ಕಟ್ಟಿದ. ಮೇಲಾದರೆ ನಾಲ್ಕು ಸಾವಿರ ಹೆಜ್ಜೆ, ಕೆಳಗೆ ಐನೂರು. ನಾವು ಒಬ್ಬೊಬ್ಬರೇ ಹೋಗಿ ಅವನ ಪಕ್ಕ ನಿಂತು ಕಲ್ಲು ತಂದು ಕೊಡ್ತಿದ್ವಿ. ಮಾತಿಲ್ಲ ಕಥೆಯಿಲ್ಲ. ಒಂದು ತಿಂಗಳು ಹಾಗೇ ನಡೀತು. ನಮಗೆ ಗೊತ್ತಿದ್ದ ಸಾಂತ್ವನ ಅದೊಂದೇ.

ಆಗಸ್ಟಿನಲ್ಲಿ ಪಟೇಲ ಎಂ.ಎಸ್. ಮಾಡೋಕೆ ಜರ್ಮನಿಗೆ ಹೊರಟ. ಹೊರಡೋ ಹಿಂದಿನ ರಾತ್ರಿ ಲೋಕವನ್ನು ಜಿಪ್ ಮಾಡಿ ಶಾನುಭೋಗನಿಗೆ ಕಳಿಸಿ, ಬಾಡಿಗೆ ಸರ್ವರ್ ಕ್ಯಾನ್ಸಲ್ ಮಾಡಿ ವಿಮಾನ ಹತ್ತಿದ. ನಮಗೆ ಗೊತ್ತಾಗಿದ್ದು ಮರುದಿನ.

ಶಾನುಭೋಗ ಹೊಸ ಸರ್ವರ್ ಎಬ್ಬಿಸಿದ. ಆ ಹೊತ್ತಿಗೆ ಎಲ್ಲರಿಗೂ ಸಂಬಳ ಬರ್ತಿತ್ತು, ಎಲ್ಲರೂ ಮರ್ಯಾದೆಯಾಗಿ ದುಡ್ಡು ಕೊಟ್ಟು ಆಟ ಕೊಂಡಿದ್ವಿ (ಅಲ್ಲೀವರೆಗೆ ಹೇಗೆ ಆಡ್ತಿದ್ವಿ ಅಂತ ಕೇಳಬೇಡಿ). ಹಾಗಾಗಿ ಅವನು ಅಕೌಂಟ್ ಪರೀಕ್ಷಿಸುವ 'ಆನ್‌ಲೈನ್ ಮೋಡ್' ಹಾಕಿದ. ಸರಿಯಾದ ಕೆಲಸವೇ. ನಾನು ಲಾಗಿನ್ ಆದೆ. ನಮ್ಮನೆಯಲ್ಲಿ ಏಳಬೇಕಾದವನು ಲೋಕ ಶುರುವಾಗುವ ಬಯಲಲ್ಲಿ ಎದ್ದೆ. ಕೈಯಲ್ಲಿ ಏನೂ ಇಲ್ಲ. ನಡೆದುಕೊಂಡು ಮನೆಗೆ ಹೋದೆ. ಬಾಗಿಲಲ್ಲಿ ನನ್ನ ನಾಯಿ ಕೂತಿತ್ತು. ಮೂಳೆ ಹಾಕಿ ಪಳಗಿಸಿದ್ದ ನಾಯಿ, ನಾನೇ ಕೂರಿಸಿ ಹೋಗಿದ್ದು. ಏಳು ಅಂದರೆ ಏಳಲಿಲ್ಲ.

ಇಂಜಿನಿಯರ್ ಬುದ್ಧಿ, ಯಾಕೆ ಅಂತ ಹುಡುಕಿದೆ. ಆಟಕ್ಕೆ ನಮ್ಮ ಹೆಸರು ಬೇಡ, ಯುಯುಐಡಿ ಅನ್ನೋ ಒಂದು ಉದ್ದನೆಯ ಸಂಖ್ಯೆ ಬೇಕು. ಆಫ್‌ಲೈನ್ ಮೋಡ್‌ನಲ್ಲಿ ಆ ಸಂಖ್ಯೆ ನಾವಿಟ್ಟುಕೊಂಡ ಹೆಸರಿನಿಂದಲೇ ಲೆಕ್ಕ ಹಾಕಿ ಬರುತ್ತೆ. ಆನ್‌ಲೈನ್ ಮೋಡ್‌ನಲ್ಲಿ ಕಂಪನಿಯ ಅಕೌಂಟಿನಿಂದ ಬರುತ್ತೆ. ಹೆಸರು ಒಂದೇ, ಸಂಖ್ಯೆ ಬೇರೆ. ಅಂದ್ರೆ ಲೋಕದ ಲೆಕ್ಕದಲ್ಲಿ ನಾನು ಹೊಸಬ. ನಾಯಿಯ ದಾಖಲೆಯಲ್ಲಿ ಒಡೆಯ ಅಂತ ಇರೋದು ಹಳೇ ಸಂಖ್ಯೆ. ಕೂರಿಸಿದ ನಾಯಿಯನ್ನು ಒಡೆಯನೇ ಎಬ್ಬಿಸಬೇಕು, ಆ ಒಡೆಯ ಇನ್ನು ಬರೋದೇ ಇಲ್ಲ!

ಇನ್ನೊಂದು ವಿಚಿತ್ರ ಗಮನಿಸಿ. ಮಾಮೂಲಿ ಪೆಟ್ಟಿಗೆಯಲ್ಲಿ ಇಟ್ಟಿದ್ದೆಲ್ಲ ಇತ್ತು, ಅದು ನೆಲದ ಜೊತೆ ಉಳಿಯುತ್ತೆ. ಜೇಬಲ್ಲಿದ್ದದ್ದು, 'ಎಂಡರ್ ಚೆಸ್ಟ್' ಅನ್ನೋ ಖಾಸಗಿ ಪೆಟ್ಟಿಗೆಯಲ್ಲಿದ್ದದ್ದು ಹೋಗಿತ್ತು, ಅದು ಆಟಗಾರನ ಫೈಲಿನಲ್ಲಿ ಇರುತ್ತೆ. ಶಾನುಭೋಗ ಒಂದು ಭಾನುವಾರ ಕೂತು ಆ ಫೈಲುಗಳಿಗೆ ಹೊಸ ಸಂಖ್ಯೆಯ ಹೆಸರಿಟ್ಟು ಅದನ್ನೆಲ್ಲ ವಾಪಸ್ ತಂದ. ನಾಯಿಗಳನ್ನು ಆಮೇಲೆ ನೋಡೋಣ ಅಂದ. ಆಮೇಲೆ ಯಾರೂ ನೋಡಲಿಲ್ಲ.

ಇದೆಲ್ಲ ನಗುವ ವಿಷಯ. ನಗಲಾಗದ್ದು ಮುಂದಿದೆ. ನಾವು ಬಳಸುತ್ತಿದ್ದ ಸರ್ವರ್ ತಂತ್ರಾಂಶದಲ್ಲಿ ಮೇಲಿನ ಲೋಕ ಒಂದು ಫೋಲ್ಡರು, ನೆದರ್ ಇನ್ನೊಂದು, 'ಎಂಡ್' ಮತ್ತೊಂದು. ಪಟೇಲ ಜಿಪ್ ಮಾಡಿದ್ದು ಮೊದಲನೆಯದನ್ನು ಮಾತ್ರ. ಕಂಟ್ರಾಕ್ಟರ್ ಅವತ್ತು ರಾತ್ರಿ ಬಂದ, ಪೋರ್ಟಲ್ ಹೊಕ್ಕ. ನೆದರ್ ಇತ್ತು, ಲೋಕದ ಬೀಜಸಂಖ್ಯೆ ಅದೇ ಆದ್ದರಿಂದ ಅದೇ ಗುಡ್ಡ, ಅದೇ ಲಾವಾ ಸಮುದ್ರ ಮತ್ತೆ ಹುಟ್ಟಿತ್ತು. ರಸ್ತೆ ಇರಲಿಲ್ಲ. ಹಳೇ ಸರ್ವರ್ ಅಳಿಸಿಹೋಗಿತ್ತು. ಅವನು ಐದು ನಿಮಿಷ ನಿಂತಿದ್ದು "ಬಿಡ್ರೋ" ಅಂತ ಟೈಪ್ ಮಾಡಿ ಹೋದ. ಆಮೇಲೆ ಬಂದಿದ್ದು ಎರಡೋ ಮೂರೋ ಸಲ.

ಪಟೇಲ ಕೆಟ್ಟವನಲ್ಲ. ಒಂದು ವರ್ಷ ಜೇಬಿಂದ ಬಾಡಿಗೆ ಕಟ್ಟಿದವನು. ಅವನಿಗೆ ಆ ರಸ್ತೆಯೂ ಗೊತ್ತಿತ್ತು. ಮೂರು ಫೋಲ್ಡರ್ ಅನ್ನೋದು ಆ ಗಡಿಬಿಡಿಯಲ್ಲಿ ತಲೆಗೆ ಹೊಳೆಯಲಿಲ್ಲ. ಹೊರಡೋಕೆ ಒಂದು ವಾರ ಮುಂಚೆ "ಲೋಕ ಬೇರೆ ಕಡೆ ಹೋಗ್ತಿದೆ, ನಿಮ್ಮದೇನೇನಿದೆ ಹೇಳ್ರಪ್ಪಾ" ಅಂತ ಒಂದು ಸಾಲು ಹಾಕಿದ್ದರೆ ಕಂಟ್ರಾಕ್ಟರ್ ಮೊದಲು ಹೇಳ್ತಿದ್ದ ಮಾತೇ ನೆದರ್. ನಾನು ಹೇಳಬೇಕು ಅಂತಿರೋದು ಇಷ್ಟೇ: ಬೀಗದ ಕೈ ಇರೋನಿಗೆ ಒಳಗೆ ಏನೇನಿದೆ ಅಂತ ಪೂರ್ತಿ ಗೊತ್ತಿರಲ್ಲ. ಅದು ವಾಸ ಮಾಡೋರಿಗೇ ಗೊತ್ತು. ಅದಕ್ಕೇ ಅವರನ್ನು ಕೇಳದೆ ಲೋಕವನ್ನು ಯಾರ ಕೈಗೂ ಕೊಡಬಾರದು.

ಆರು ಜನರ ಆಟಕ್ಕೆ ಇಷ್ಟೊಂದು ಯಾಕಪ್ಪಾ ಅನ್ನಬೇಡಿ. ದೊಡ್ಡವರದ್ದೂ ಇದೇ ಹಣೆಬರಹ. 'ಸಿಟಿ ಆಫ್ ಹೀರೋಸ್' ಅಂತ ಒಂದು ಆಟ 2004ರಲ್ಲಿ ಶುರುವಾಯ್ತು. ಕ್ರಿಪ್ಟಿಕ್ ಸ್ಟುಡಿಯೋಸ್ ಕಟ್ಟಿದ್ದು, ಕೊರಿಯಾದ ಎನ್‌ಸಿಸಾಫ್ಟ್ ಪ್ರಕಟಿಸಿದ್ದು. 2007ರಲ್ಲಿ ಎನ್‌ಸಿಸಾಫ್ಟ್ ಅದನ್ನು ಪೂರ್ತಿ ಕೊಂಡುಕೊಂಡಿತು. 2012ರ ಆಗಸ್ಟ್ ಕೊನೆಯಲ್ಲಿ ಮುಚ್ಚುತ್ತೀವಿ ಅಂತ ಘೋಷಣೆ, ನವೆಂಬರ್ 30ಕ್ಕೆ ದೀಪ ಆರಿತು. ಆಟಗಾರರು ತಮ್ಮ ಸೂಪರ್‌ಹೀರೋ ವೇಷದಲ್ಲೇ ಆಟದೊಳಗಿನ ಅಟ್ಲಾಸ್ ಪಾರ್ಕ್‌ನಲ್ಲಿ ಪಂಜು ಹಿಡಿದು ಸೇರಿ ಬೇಡಿಕೊಂಡರು. ಪ್ರಯೋಜನ ಆಗಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2019ರಲ್ಲಿ ಗೊತ್ತಾಯ್ತು, ಕೆಲವೇ ಜನ ಸೇರಿ ವರ್ಷಗಟ್ಟಲೆ ಆ ಲೋಕವನ್ನು ಗುಟ್ಟಾಗಿ ನಡೆಸ್ತಿದ್ದರು ಅಂತ! ಉಳಿದ ಆಟಗಾರರು ಸತ್ತುಹೋಯ್ತು ಅಂತ ಅಂದುಕೊಂಡಿದ್ದ ಊರು, ಬಾಗಿಲು ಹಾಕಿಕೊಂಡು ಬದುಕಿತ್ತು. ಸಹಜವಾಗಿ ಗಲಾಟೆ ಆಯ್ತು. ಆಮೇಲೆ ಆ ಸರ್ವರಿನ ಕೋಡ್ ಹೊರಬಂತು, 'ಹೋಮ್‌ಕಮಿಂಗ್' ಅನ್ನೋ ಅಭಿಮಾನಿಗಳ ಸರ್ವರ್ ಹುಟ್ಟಿತು, 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಅದಕ್ಕೆ ಅಧಿಕೃತ ಪರವಾನಗಿಯನ್ನೂ ಕೊಟ್ಟಿತು. ಮುಚ್ಚಿದ ಹನ್ನೊಂದು ವರ್ಷಕ್ಕೆ. ಇದೇ ಕಾಗದಕ್ಕೆ 2012ರಲ್ಲೇ ಸಹಿ ಹಾಕಿದ್ದರೆ? ಕಂಪನಿ ಕೇಳದೆ ಮುಚ್ಚಿತು, ಗುಟ್ಟಿನವರು ಕೇಳದೆ ಬಚ್ಚಿಟ್ಟರು. ನನ್ನ ಪ್ರಕಾರ ಎರಡೂ ಒಂದೇ ತಪ್ಪು.

ಬೇರೆ ಥರಾನೂ ನಡೆದಿದೆ. 'ಮೆರಿಡಿಯನ್ 59' 1996ರ ಆಟ, ನಡೆಸುತ್ತಿದ್ದದ್ದು 3ಡಿಒ ಕಂಪನಿ. 2000ದಲ್ಲಿ ಅವರು ಮುಚ್ಚಿದರು. ಅದರ ಮೇಲೆ ಕೆಲಸ ಮಾಡಿದ್ದವರೇ ನಿಯರ್ ಡೆತ್ ಸ್ಟುಡಿಯೋಸ್ ಅಂತ ಪುಟ್ಟ ಕಂಪನಿ ಮಾಡಿ (ಹೆಸರು ನೋಡಿ!) ಹಕ್ಕು ಪಡೆದು 2002ರಲ್ಲಿ ಮತ್ತೆ ತೆರೆದರು. ಆ ಕಂಪನಿಯೂ ಬಾಗಿಲು ಹಾಕಿದಾಗ ಆಟ ಮೂಲ ನಿರ್ಮಾತೃಗಳ ಕೈಗೆ ವಾಪಸ್ ಬಂತು. ಅವರು 2012ರಲ್ಲಿ ಕೋಡನ್ನೇ ಮುಕ್ತ ಮಾಡಿಬಿಟ್ಟರು. ಇಷ್ಟು ಸಲ ಕೈ ಬದಲಾದರೂ ಉಳಿಯಿತು, ಯಾಕಂದ್ರೆ ಪ್ರತಿ ಸಲವೂ ತಗೊಂಡವರಿಗೆ ಅದರ ಒಳಗು ಗೊತ್ತಿತ್ತು.

"ಹಾಗಾದ್ರೆ ಯಜಮಾನನೇ ಬೇಡ, ಎಲ್ಲಾ ಓಟು ಹಾಕಿ ನಡೆಸಿ" ಅಂತೀರಾ? ಅದನ್ನೂ ಮಾಡಿ ನೋಡಿದ್ದಾರೆ. ಜೆರಾಕ್ಸ್ ಪಾರ್ಕ್‌ನ ಪಾವೆಲ್ ಕರ್ಟಿಸ್ 1990ರಲ್ಲಿ ಶುರುಮಾಡಿದ, ಬರೀ ಅಕ್ಷರಗಳಲ್ಲೇ ಇರುವ ಲ್ಯಾಂಬ್ಡಾಮೂ ಲೋಕದಲ್ಲಿ, 1992ರ ಡಿಸೆಂಬರಿನಲ್ಲಿ ನಡೆಸುವವರು "ನಾವಿನ್ನು ತಾಂತ್ರಿಕ ಕೆಲಸ ಮಾತ್ರ ನೋಡ್ತೀವಿ, ನಿಮ್ಮ ಜಗಳ ನಿಮಗೆ" ಅಂತ ಹಿಂದೆ ಸರಿದರು. ಅರ್ಜಿ, ಮತದಾನ ಎಲ್ಲ ಬಂತು. 1996ರಲ್ಲಿ ಇದು ನಡೆಯಲ್ಲ ಅಂತ ಅವರೇ ವಾಪಸ್ ಬರಬೇಕಾಯ್ತು. ಒಬ್ಬ ಜವಾಬ್ದಾರ ಬೇಕೇ ಬೇಕು, ಒಪ್ಪುತ್ತೀನಿ. ಎಲ್ಲರಿಗೂ ಒಂದೊಂದು ಕಾಪಿ ಕೊಟ್ಟು ಸುಮ್ಮನಾದರೂ ಆಗಲ್ಲ, ಆರು ಕಾಪಿ ಅಂದ್ರೆ ಆರು ಖಾಲಿ ಊರು. ಎಲ್ಲರೂ ಸೇರುವ ಜಾಗ ಒಂದೇ ಇರಬೇಕು. ಆದರೆ ಜವಾಬ್ದಾರ ಅಂದ್ರೆ ಒಡೆಯ ಅಲ್ಲ, ದೇವಸ್ಥಾನದ ಧರ್ಮದರ್ಶಿ ಇದ್ದ ಹಾಗೆ.

ನಾನಂತೂ ನಾಲ್ಕು ವಿಷಯ ಗಟ್ಟಿ ಮಾಡಿಕೊಂಡಿದ್ದೀನಿ. ಒಂದು, ಒಂದು ತಿಂಗಳು ಮುಂಚೆ ಎಲ್ಲರಿಗೂ ಹೇಳಿ, ನಿಮ್ಮದೇನಿದೆ ಅಂತ ಒಬ್ಬೊಬ್ಬರನ್ನೂ ಕೇಳೋದು. ಎರಡು, ಹೊಸ ಸರ್ವರ್ ಎದ್ದ ಮೇಲೂ ಹಳೇದನ್ನ ಒಂದು ತಿಂಗಳು ಅಳಿಸದೆ ಇಡೋದು. ಪ್ರತಿಯೊಬ್ಬರೂ ಬಂದು ತಮ್ಮ ಮನೆ, ಪೆಟ್ಟಿಗೆ, ನಾಯಿ ನೋಡಿ "ಸರಿ ಇದೆ" ಅನ್ನಬೇಕು. ಮೂರು, ನೆಲ ತಗೊಳ್ಳೋದು, ಮಾತು ಬೇಡ. ಸರ್ವರಿನ ಲಾಗಿನಲ್ಲಿ ನಾವು ರಾತ್ರಿಯೆಲ್ಲ ಆಡಿದ ಮಾತು, ಐಪಿ ವಿಳಾಸ ಎಲ್ಲ ಇರುತ್ತೆ. ಅದು ಹೊಸ ಯಜಮಾನನ ಆಸ್ತಿ ಅಲ್ಲ. ನಾಲ್ಕು, ನನಗೂ ಒಂದಿನ ಬೇಜಾರಾಗುತ್ತೆ, ಆವತ್ತು ಯಾರಿಗೆ ಕೊಡಬೇಕು ಅಂತ ಈಗಲೇ ಬರೆದಿಡೋದು.

ದೊಡ್ಡ ಕಂಪನಿಗಳಿಗೂ ಇಂಥದ್ದೊಂದು ಉಯಿಲು ಕಡ್ಡಾಯ ಆಗಬೇಕು ಅನ್ನೋದು ನನ್ನ ವಾದ. 2024ರಲ್ಲಿ ಯೂಬಿಸಾಫ್ಟ್ 'ದಿ ಕ್ರೂ' ಆಟವನ್ನು ಮುಚ್ಚಿದಾಗ ಶುರುವಾದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ 2025ರ ಜುಲೈ ಹೊತ್ತಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದ್ದವು. ಆಟ ಶಾಶ್ವತವಾಗಿ ನಡೆಸಿ ಅಂತ ಅವರೂ ಕೇಳ್ತಿಲ್ಲ. ಬಿಟ್ಟು ಹೋಗೋವಾಗ ಆಡೋ ಸ್ಥಿತಿಯಲ್ಲಿ ಬಿಟ್ಟುಹೋಗಿ ಅಂತ, ಅಷ್ಟೇ. ನಷ್ಟದಲ್ಲಿ ನಡೆಸು ಅಂತ ಯಾರನ್ನೂ ಒತ್ತಾಯ ಮಾಡೋಕಾಗಲ್ಲ, ನಿಜ. ಆದ್ರೆ ನಡೆಸೋಕೆ ಮನಸ್ಸಿರೋರು ಬಾಗಿಲಲ್ಲಿ ನಿಂತಿರುವಾಗ ಬೀಗ ಹಾಕಿ ಕೈಯನ್ನು ಬಾವಿಗೆ ಎಸೆಯೋದು ಯಾವ ನ್ಯಾಯ? 2014ರಲ್ಲಿ ಆರ್ಕುಟ್ ಮುಚ್ಚಿದಾಗ ನಮ್ಮಕ್ಕ ಯಾಕೆ ಅಷ್ಟು ಸಪ್ಪಗಿದ್ದಳು ಅಂತ ನನಗೆ ಅರ್ಥ ಆಗಿದ್ದು ಈಗ.

ಮೊನ್ನೆ ಗುಂಪಿನಲ್ಲಿ ಕೇಳಿದೆ, "ನಿಮ್ಮದೇನಿದೆ ಹೇಳಿ" ಅಂತ. ಒಬ್ಬ ಎಲ್ಲರೂ ಸಾಲಾಗಿ ಬಿದ್ದ ಗುಂಡಿ ಮುಚ್ಚಬೇಡ ಅಂದ. ಇನ್ನೊಬ್ಬ ರಿಸಲ್ಟ್ ಬಂದ ದಿನ ನೆಟ್ಟ ಬೋರ್ಡು ಅಂದ. ಪಟೇಲ ಜರ್ಮನಿಯಿಂದ "ಈ ಸಲ ಮೂರೂ ಫೋಲ್ಡರ್ ತಗೋ" ಅಂತ ಮಾತ್ರ ಬರೆದ. ಕಂಟ್ರಾಕ್ಟರನ ಉತ್ತರ ಮೂರು ದಿನ ಬಿಟ್ಟು ಬಂತು. "ಕೆಳಗೆ ನಂದೇನಿಲ್ಲ. ಮೇಲಿನ ಪೋರ್ಟಲ್ ಇದ್ಯಲ್ಲ, ಅದನ್ನ ಒಡೀಬೇಡಿ."

ಒಡೆಯಲ್ಲ. ಈ ಶನಿವಾರ ಸರ್ವರ್ ನನ್ನ ಕೈಗೆ ಬರುತ್ತೆ. ನಾಯಿಯ ದಾಖಲೆಯಲ್ಲಿ ಒಡೆಯನ ಸಂಖ್ಯೆ ತಿದ್ದೋಕೆ ಒಂದು ಸಾಲಿನ ಕಮ್ಯಾಂಡ್ ಸಾಕಂತೆ. ಅದು ಅಲ್ಲೇ ಬಾಗಿಲಲ್ಲಿ ಕೂತಿದೆ, ಮೊದಲು ಅದನ್ನ ಎಬ್ಬಿಸಬೇಕು.

ನೀವು ಯಾವತ್ತಾದ್ರೂ ಹೀಗೆ ನಾಲ್ಕು ಜನ ಸೇರಿ ಕಟ್ಟಿದ್ದನ್ನ ಇನ್ನೊಬ್ಬರ ಕೈಗೆ ಕೊಟ್ಟಿದ್ದೀರಾ? ಏನು ಉಳಿಯಿತು, ಏನು ಹೋಯ್ತು? ಹೇಳಿ, ಶನಿವಾರದ ಒಳಗೆ ಹೇಳಿದ್ರೆ ಇನ್ನೂ ಒಳ್ಳೇದು.