ಒದರುವ ಗಾಡಿ, ಓಗೊಡದ ಓಣಿ

ಹೋದ ಬೇಸಿಗೆಯಲ್ಲಿ ಇಂಡಿ ತಾಲೂಕಿನ ಒಂದು ಹಳ್ಳಿಗೆ ಬೀಗರ ಮನೆಯ ಮದುವೆಗೆ ಹೋಗಿದ್ದೆ. ನಮ್ಮೂರು ಅಕ್ಕಲಕೋಟೆ. ಗಾಡಿ ಸೊಲ್ಲಾಪುರ ಜಿಲ್ಲೆಯ ನಂಬರಿನದು, ಎಂ.ಎಚ್. 13. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಹೊರಡುವ ಹೊತ್ತಿಗೆ ರಿಮೋಟಿನ ಗುಂಡಿ ಒತ್ತಿದೆ, ಬಾಗಿಲು ತೆರೆಯಲಿಲ್ಲ. ನಾಲ್ಕು ಸಲ ಒತ್ತಿದರೂ ಉಹುಂ. ರಿಮೋಟಿನ ಸೆಲ್ ಮುಗಿದಿತ್ತು. ಅದಕ್ಕೇನು, ಕೈಯಲ್ಲಿ ಕೀಲಿಕೈ ಇದೆಯಲ್ಲ ಎಂದು ಬಾಗಿಲಿಗೆ ಹಾಕಿ ತಿರುವಿ ತೆಗೆದೆ. ಅಷ್ಟೇ! ಗಾಡಿ ಒದರಲು ಶುರು ಮಾಡಿತು. ಹಾರ್ನ್ ಒಂದೇ ಸಮನೆ ಬಡಕೊಳ್ಳುತ್ತಿದೆ, ಇಂಡಿಕೇಟರ್ ದೀಪಗಳು ಹತ್ತಿ ಆರುತ್ತಿವೆ, ನನ್ನ ಕೈಕಾಲು ನಡುಗುತ್ತಿವೆ. ನನ್ನ ಗಾಡಿಯೇ ನನ್ನನ್ನು ಕಳ್ಳ ಎಂದು ಊರಿಗೆ ಸಾರುತ್ತಿತ್ತು.

ಹಂದರದ ಮುಂದೆ ಕಡಿಮೆ ಎಂದರೂ ನಲವತ್ತು ಮಂದಿ ಕೂತಿದ್ದರು. ಪರ ರಾಜ್ಯದ ನಂಬರಿನ ಗಾಡಿ, ಬಹಳ ಜನಕ್ಕೆ ಗುರುತಿಲ್ಲದ ಮನುಷ್ಯ, ಕಿವಿ ಹರಿಯುವ ಸದ್ದು. ಆದರೂ ಒಬ್ಬರೂ ಎದ್ದು ಬಂದು 'ಯಾರಪಾ ನೀ, ಯಾರ ಗಾಡಿ ಇದು?' ಎಂದು ಕೇಳಲಿಲ್ಲ. ಹಿರಿಯರೊಬ್ಬರು ಕೂತಲ್ಲಿಂದಲೇ, 'ಅದನ್ನ ಬಂದ್ ಮಾಡ್ರಿ ಮೊದಲ, ಮಾತು ಕೇಳಸವಲ್ದು' ಅಂದರು. ಇಬ್ಬರು ಹುಡುಗರು ಮೊಬೈಲಿನಲ್ಲಿ ನನ್ನ ಫಜೀತಿಯ ಚಿತ್ರ ತೆಗೆದರು. ಕಡೆಗೆ ಏನೂ ತೋಚದೆ ಒಳಗೆ ಕೂತು ಕೀಲಿಕೈ ಹಾಕಿ ತಿರುವಿದೆ. ಸದ್ದು ತಟ್ಟನೆ ನಿಂತಿತು. ಎಂಜಿನ್ ಕೂಡ ಚಾಲೂ ಆಯಿತು.

ದಾರಿಯುದ್ದಕ್ಕೂ ಒಂದೇ ವಿಚಾರ. ನಾನು ನಿಜವಾಗಿ ಕಳ್ಳನಾಗಿದ್ದರೆ? ಆ ನಲವತ್ತು ಜನರ ಕಣ್ಣೆದುರೇ ಗಾಡಿ ಹೋಗುತ್ತಿತ್ತಲ್ಲ! ಹಾಗಾದರೆ ಈ ಅಲಾರಂ ಇರುವುದು ಯಾರಿಗಾಗಿ?

ಮರುದಿನ ನಮ್ಮೂರ ಗ್ಯಾರೇಜಿನ ಮಿಸ್ತ್ರಿಯನ್ನು ಕೇಳಿದೆ. ಆತ ನಕ್ಕ. 'ಸರ್, ನಿಮ್ಮ ಗಾಡ್ಯಾಗ ಕಾವಲುಗಾರರು ಇಬ್ಬರು ಇದ್ದಾರ್ರಿ. ಒಬ್ಬಾಂವ ಒದರಾಂವ, ಇನ್ನೊಬ್ಬಾಂವ ಮೂಕ. ಖರೇ ಕೆಲಸ ಮಾಡಾಂವ ಮೂಕ.' ಆತನ ಈ ಮಾತನ್ನು ಗಾಡಿ ಇರುವವರೆಲ್ಲ ತಿಳಿಯಬೇಕು ಎಂದೇ ಈ ಬರಹ.

ಮೊದಲು ಒದರುವವನ ಕಥೆ. ರಿಮೋಟಿನಿಂದ ಬಾಗಿಲು ಹಾಕಿದ ಕೆಲವು ಕ್ಷಣಗಳಲ್ಲಿ ಗಾಡಿಯೊಳಗಿನ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದು ಪಹರೆಗೆ ನಿಲ್ಲುತ್ತದೆ. ಪ್ರತಿಯೊಂದು ಬಾಗಿಲಿಗೆ, ಡಿಕ್ಕಿಗೆ, ಅನೇಕ ಗಾಡಿಗಳಲ್ಲಿ ಬಾನೆಟ್ಟಿಗೂ ಒಂದೊಂದು ಸ್ವಿಚ್ ಇರುತ್ತದೆ. ಬಾಗಿಲು ತೆಗೆದ ಕೂಡಲೇ ಒಳಗಿನ ದೀಪ ಹತ್ತುತ್ತದಲ್ಲ, ಅಂಥ ಸ್ವಿಚ್ಚೇ ಪೆಟ್ಟಿಗೆಗೂ ಸುದ್ದಿ ಮುಟ್ಟಿಸುತ್ತದೆ. ರಿಮೋಟಿನಿಂದ ಸರಿಯಾದ ಸಂಕೇತ ಬಂದು ಬಾಗಿಲು ತೆರೆದರೆ ಪಹರೆ ಮುಗಿಯಿತು. ಸಂಕೇತ ಬಾರದೆ ತೆರೆದರೆ ಪೆಟ್ಟಿಗೆ ಹಾರ್ನಿಗೆ, ದೀಪಗಳಿಗೆ ಆಜ್ಞೆ ಕೊಡುತ್ತದೆ. ನನ್ನ ಪಾಡು ಹೀಗಾದದ್ದು ಇದರಿಂದಲೇ. ಪೆಟ್ಟಿಗೆಗೆ ನನ್ನ ಮುಖ ಗೊತ್ತಿಲ್ಲ; ಸಂಕೇತ ಬರಲಿಲ್ಲ, ಬಾಗಿಲು ತೆರೆಯಿತು, ಇಷ್ಟೇ ಅದಕ್ಕೆ ಗೊತ್ತು.

ಈ ಕಾವಲುಗಾರನ ಕಣ್ಣು ಬಹಳ ಚುರುಕೇನೂ ಅಲ್ಲ. ಬರೀ ಬಾಗಿಲಿನ ಸ್ವಿಚ್ಚುಗಳನ್ನೇ ನಂಬಿದ ಅಲಾರಂಗೆ, ಕಳ್ಳ ಗಾಜು ಒಡೆದು ಸೀಟಿನ ಮೇಲಿನ ಚೀಲ ಎತ್ತಿಕೊಂಡು ಹೋದರೆ ತಿಳಿಯುವುದೇ ಇಲ್ಲ. ದುಬಾರಿ ಗಾಡಿಗಳಲ್ಲಿ ಒಳಗಿನ ಅಲುಗಾಟವನ್ನು ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಪತ್ತೆ ಮಾಡುವ, ಗಾಡಿಯನ್ನು ಎತ್ತಲು ಹೋದರೆ ಓರೆಯಾದದ್ದನ್ನು ಗುರುತಿಸುವ ಏರ್ಪಾಡು ಇರುತ್ತದೆ. ಆದರೆ ಎಷ್ಟೇ ಏರ್ಪಾಡಿದ್ದರೂ ಅದು ಮಾಡುವುದು ಕೂಗುವ ಕೆಲಸ. ಬರಬೇಕಾದವರು ಮನುಷ್ಯರು. ಮನುಷ್ಯರು ಬಾರದಿದ್ದರೆ ಕೂಗು ಗಾಳಿಗೆ ಹೋಯಿತು.

ಇನ್ನು ಮೂಕನ ಕಥೆ. ಇವನ ಹೆಸರು ಇಮ್ಮೊಬಿಲೈಸರ್. ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ ಇರುತ್ತದೆ. ಅದಕ್ಕೆ ಸೆಲ್ ಬೇಡ. ಕೀಲಿಕೈ ಹಾಕುವ ಜಾಗದ ಸುತ್ತ ತಂತಿಯ ಸುರುಳಿ ಇದೆ. ಕೀಲಿಕೈ ತಿರುವಿದಾಗ ಆ ಸುರುಳಿಯಿಂದ ಹೊರಡುವ ರೇಡಿಯೋ ಅಲೆಯ ಶಕ್ತಿಯಿಂದಲೇ ಚಿಪ್ ಎಚ್ಚೆತ್ತು ತನ್ನ ಗುರುತು ಹೇಳುತ್ತದೆ. ಗುರುತು ತಾಳೆಯಾದರೆ ಮಾತ್ರ ಎಂಜಿನ್ ನಡೆಸುವ ಕಂಪ್ಯೂಟರ್ ಇಂಧನ ಬಿಡುತ್ತದೆ. ತಾಳೆಯಾಗದಿದ್ದರೆ ಇಲ್ಲ. ಬಜಾರದಲ್ಲಿ ಹಲ್ಲುಗಳನ್ನಷ್ಟೇ ಹೊಂದಿಸಿ ಮಾಡಿಸಿದ ಕೀಲಿಕೈ ಬಾಗಿಲು ತೆರೆಯಬಹುದು, ಎಂಜಿನ್ ಮಾತ್ರ ಚಾಲೂ ಆಗದು. ನನ್ನ ರಿಮೋಟಿನ ಸೆಲ್ ಮುಗಿದಿದ್ದರೂ ಗಾಡಿ ಹೊರಟಿತಲ್ಲ, ಅದರ ಗುಟ್ಟು ಇದು. ಒದರುವವನು ನನ್ನನ್ನು ಗುರುತಿಸಲಿಲ್ಲ, ಮೂಕ ಗುರುತಿಸಿದ. ಅವನು ಗುರುತಿಸಿದ ಮೇಲೆ ಒದರುವವನೂ ಬಾಯಿ ಮುಚ್ಚಿದ.

ಈ ವಿಚಾರ ಹೊಸದಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ತನ್ನ 1986ರ ಕಾರ್ವೆಟ್ ಗಾಡಿಯ ಕೀಲಿಕೈಯಲ್ಲೇ ವಿದ್ಯುತ್ ನಿರೋಧಕದ ಒಂದು ಗುಂಡು ಕೂಡಿಸಿತ್ತು. ಅದರ ಅಳತೆ ಸರಿಹೋಗದಿದ್ದರೆ ಎಂಜಿನ್ ಹೊರಡುತ್ತಿರಲಿಲ್ಲ. ಐರೋಪ್ಯ ಒಕ್ಕೂಟ 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ ಮಾಡಿತು. ನೆದರ್ಲೆಂಡ್ಸಿನ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ, 1995ರಿಂದ 2008ರ ಅವಧಿಯಲ್ಲಿ ಈ ಸಾಧನದಿಂದಾಗಿ ತಮ್ಮ ದೇಶದ ಕಾರು ಕಳವು ಸುಮಾರು ಶೇಕಡಾ 40ರಷ್ಟು ತಗ್ಗಿತೆಂದು ತೋರಿಸಿದ್ದಾರೆ. ಒಂದು ಮೂಕ ಚಿಪ್ಪಿನ ಕೆಲಸ ಇದು!

ಗಡಿಯಲ್ಲಿ ಬಾಳುವ ನಮಗೆ ಬೇಗ ಮನಸ್ಸಿಗೆ ಹತ್ತುವ ಇನ್ನೊಂದು ಸಂಗತಿ ಇದೆ. ಕೆನಡಾ ದೇಶ 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಇರಲೇಬೇಕೆಂದು ಕಾನೂನು ಮಾಡಿತು. ಪಕ್ಕದ ಅಮೆರಿಕ ಮಾಡಲಿಲ್ಲ. ಬಹಳ ಕಂಪನಿಗಳು ಅಮೆರಿಕದಲ್ಲೂ ತಾವಾಗಿಯೇ ಅದನ್ನು ಕೂಡಿಸಿದವು. ಹುಂಡೈ ಮತ್ತು ಕಿಯಾ ಕಂಪನಿಗಳು ಮಾತ್ರ ಅಲ್ಲಿ ಮಾರುವ ಕಡಿಮೆ ಬೆಲೆಯ ಅನೇಕ ಮಾದರಿಗಳಲ್ಲಿ ಬಿಟ್ಟವು. 2015ರ ಮಾದರಿಗಳಲ್ಲಿ ಉಳಿದ ಕಂಪನಿಗಳ ಶೇಕಡಾ 96ರಷ್ಟಕ್ಕೆ ಇದ್ದ ಸಾಧನ ಈ ಎರಡು ಕಂಪನಿಗಳ ಶೇಕಡಾ 26ರಷ್ಟಕ್ಕೆ ಮಾತ್ರ ಇತ್ತು. 2021ರ ಹೊತ್ತಿಗೆ ಮಿಲ್ವಾಕಿ ನಗರದ ಹುಡುಗರಿಗೆ ಈ ಗುಟ್ಟು ಸಿಕ್ಕಿತು. ಫೋನಿನ ಚಾರ್ಜಿಂಗ್ ತಂತಿಯ ತುದಿಯಿಂದಲೇ ಗಾಡಿ ಚಾಲೂ ಮಾಡುವ ವಿಡಿಯೋಗಳು ದೇಶ ತುಂಬಿದವು. ಕದ್ದ ಗಾಡಿಗಳ ಅಪಘಾತಗಳಲ್ಲಿ ಜೀವಗಳೂ ಹೋದವು. 2023ರ ಫೆಬ್ರುವರಿಯಲ್ಲಿ ಆ ಕಂಪನಿಗಳು ಸುಮಾರು 83 ಲಕ್ಷ ಗಾಡಿಗಳಿಗೆ ಪುಕ್ಕಟೆ ತಿದ್ದುಪಡಿ ಕೊಡಬೇಕಾಯಿತು. ಆ ತಿದ್ದುಪಡಿಯಲ್ಲಿ ಎರಡು ಅಂಶ: 30 ಸೆಕೆಂಡು ಕೂಗುತ್ತಿದ್ದ ಅಲಾರಂ ಒಂದು ನಿಮಿಷ ಕೂಗುವುದು, ಕೀಲಿಕೈ ಇಲ್ಲದೆ ಗಾಡಿ ಚಾಲೂ ಆಗದಿರುವುದು. ಇವೆರಡರಲ್ಲಿ ಕಳ್ಳನ ಕೈ ಕಟ್ಟುವುದು ಯಾವುದು, ನೀವೇ ಹೇಳಿ.

ಡೆಟ್ರಾಯಿಟಿಗೂ ಕೆನಡಾದ ವಿಂಡ್ಸರ್ ಊರಿಗೂ ನಡುವೆ ಒಂದು ನದಿ ಮಾತ್ರ. ಆಚೆ ದಂಡೆಯಲ್ಲಿ ಮಾರಿದ ಗಾಡಿಗೆ ಮೂಕ ಕಾವಲುಗಾರ ಇದ್ದ, ಈಚೆ ದಂಡೆಯಲ್ಲಿ ಮಾರಿದ ಅದೇ ಕಂಪನಿಯ ಗಾಡಿಗೆ ಇರಲಿಲ್ಲ. ಕಂಪನಿಗೆ ವಿದ್ಯೆ ಗೊತ್ತಿತ್ತು. ಒಂದು ಕಡೆ ಕಾನೂನು ಕೇಳಿತು, ಕೊಟ್ಟರು. ಇನ್ನೊಂದು ಕಡೆ ಕೇಳಲಿಲ್ಲ, ಬಿಟ್ಟರು. ಕೇಳದೆ ಯಾವುದೂ ಸಿಗುವುದಿಲ್ಲ ಎಂಬುದು ಗಡಿನಾಡಿನವರಿಗೆ ಬೇರೆ ಹೇಳಿಕೊಡಬೇಕೇ?

ಹಾಗಂತ ಮೂಕನೇ ಎಲ್ಲವನ್ನೂ ಕಾಯುತ್ತಾನೆ ಎಂದು ನಿದ್ದೆ ಮಾಡುವಂತಿಲ್ಲ. ಈಗ ಕೀಲಿಕೈ ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿದರೆ ಚಾಲೂ ಆಗುವ ಗಾಡಿಗಳು ಬಂದಿವೆ. ಇಬ್ಬರು ಕಳ್ಳರು, ಒಬ್ಬ ಮನೆಯ ಬಾಗಿಲ ಹತ್ತಿರ, ಒಬ್ಬ ಗಾಡಿಯ ಹತ್ತಿರ ಯಂತ್ರ ಹಿಡಿದು ನಿಂತು, ಒಳಗಿರುವ ಕೀಲಿಕೈಯ ಸಂಕೇತವನ್ನು ಗಾಡಿಯವರೆಗೆ ಸಾಗಿಸುವ ವಿದ್ಯೆ ಹೊರಗಿನ ದೇಶಗಳಲ್ಲಿ ನಡೆದಿದೆ. ಇದಕ್ಕೆ ಉಪಾಯ ಸರಳ: ಅಂಥ ಕೀಲಿಕೈಯನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗಹಾಕದೆ, ಒಳಗೆ ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿಡುವುದು. ಡಬ್ಬಿ ಮುಚ್ಚಿ ಗಾಡಿಯ ಹತ್ತಿರ ಒಯ್ದು ನೋಡಿ. ಬಾಗಿಲು ತೆರೆಯದಿದ್ದರೆ ಡಬ್ಬಿ ಕೆಲಸಕ್ಕೆ ಬಂತು.

ಇಷ್ಟು ತಿಳಿಯಲು ನನಗೆ ಮದುವೆಮನೆಯ ಮುಂದೆ ಮಾನ ಹೋಗಬೇಕಾಯಿತು. ತಪ್ಪು ನನ್ನದೂ ಇದೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಓದು ಕಲಿಸಿದವನು, ಗಾಡಿಯ ಜತೆ ಬಂದ ಪುಸ್ತಕವನ್ನು ಒಮ್ಮೆಯೂ ತೆರೆದಿರಲಿಲ್ಲ. ತೆರೆದಾಗ ಕಂಡದ್ದು ಇಂಗ್ಲಿಷ್. ಮಾರಿದವರು ಕೀಲಿಕೈ ಕೊಟ್ಟು, ಹಾರ ಹಾಕಿ, ಫೋಟೋ ತೆಗೆದು ಕಳಿಸಿದ್ದರು. ಸೆಲ್ ಮುಗಿದರೆ ಏನು ಮಾಡಬೇಕೆಂದು ಕನ್ನಡದಲ್ಲಿ ಬೇಡ, ಮರಾಠಿಯಲ್ಲೂ ಹೇಳಿರಲಿಲ್ಲ. ಲಕ್ಷಗಟ್ಟಲೆ ರೂಪಾಯಿ ಎಣಿಸಿಕೊಂಡವರಿಗೆ ಗಿರಾಕಿಯ ಭಾಷೆಯಲ್ಲಿ ಒಂದು ಹಾಳೆಯ ತಿಳಿವಳಿಕೆ ಕೊಡುವುದು ಭಾರವೇ?

ನನ್ನ ಅಭಿಪ್ರಾಯ ಇಷ್ಟು. ಗಾಡಿ ಕೊಳ್ಳುವಾಗ ಬಣ್ಣ, ಹಾಡಿನ ಪೆಟ್ಟಿಗೆ ನೋಡುವ ಮೊದಲು 'ಇಮ್ಮೊಬಿಲೈಸರ್ ಐತೇನ್ರಿ?' ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಪಡೆಯಿರಿ. ಹಳೇ ಗಾಡಿ ಕೊಳ್ಳುವವರು ಎರಡೂ ಕೀಲಿಕೈ ಕೈಗೆ ಬಾರದೆ ಹಣ ಎಣಿಸಬೇಡಿ. ಇನ್ನೊಂದು ಎಲ್ಲಿದೆಯೋ ಯಾರಿಗೆ ಗೊತ್ತು! ಮಾರುವವರು ಗಾಡಿಯ ಎರಡೂ ಕಾವಲುಗಾರರ ಪರಿಚಯವನ್ನು ನಮ್ಮ ಮಾತಿನಲ್ಲಿ ಮಾಡಿಕೊಡಬೇಕೆಂದು ಪಟ್ಟು ಹಿಡಿಯಿರಿ.

ಕಡೆಯ ಮಾತು ನಮ್ಮ ಓಣಿಯವರಿಗೆ. ಗಾಡಿ ಒದರಿದರೆ ಬೈಯುವ ಮೊದಲು ಒಮ್ಮೆ ಎದ್ದು ನೋಡಿ. 'ಯಾರಪಾ ನೀ?' ಎಂದು ಕೇಳಿ. ಆ ದಿನ ನನ್ನನ್ನು ಯಾರಾದರೂ ತಡೆದು ಕೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತೇನೋ. ಆದರೆ ಊರಲ್ಲಿ ಮಂದಿ ಇದ್ದಾರೆ ಎಂಬ ಧೈರ್ಯದಿಂದ ಮನೆಗೆ ಬರುತ್ತಿದ್ದೆ.