ಯಾವ ನಮ್ಮವರು?

ಕೆಲವು ವರ್ಷಗಳ ಹಿಂದಿನ ಮಾತು. ಸಿಇಟಿ ದಾಖಲೆ ಪರಿಶೀಲನೆಯ ದಿನಗಳು. ನಮ್ಮೂರು ಹಾರನಹಳ್ಳಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗಿರುವ ತೆಂಗಿನ ತೋಟದ ಯಜಮಾನರೊಬ್ಬರು ಮಗಳನ್ನೂ ಅವಳ ವ್ಯಾಸಂಗ ಪ್ರಮಾಣಪತ್ರದ ನಮೂನೆಯನ್ನೂ ಕರೆದುಕೊಂಡು ಜಗಲಿಗೆ ಬಂದರು. ಒಂದನೇ ತರಗತಿಯಿಂದ ಯಾವ ವರ್ಷ ಯಾವ ಶಾಲೆ ಎಂದು ತುಂಬಿಸಿ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ, ಅರಸೀಕೆರೆಗೆ ಹೋಗಿ ಬಿಇಒ ಅವರ ಮೇಲುರುಜು ಮಾಡಿಸಬೇಕಿತ್ತು. ಗ್ರಾಮೀಣ ಮೀಸಲಾತಿಗೆ ಒಂದು ನಮೂನೆ, ಕನ್ನಡ ಮಾಧ್ಯಮಕ್ಕೆ ಇನ್ನೊಂದು.

"ಅಲ್ಲಾ ಮೇಷ್ಟ್ರೇ, ನನ್ ಮಗ್ಳು ಈ ತಾಲ್ಲೂಕು ಬಿಟ್ಟು ಒಂದಿನಾನೂ ಆಚೆ ಓದಿಲ್ಲ. ಇವ್ಳು ಕರ್ನಾಟಕ್ದೋಳು ಅನ್ನೋಕೂ ಸೀಲ್ ಬೇಕಾ?" ಎಂದರು.

ಬೇಕು, ಏಳು ವರ್ಷ ಇಲ್ಲೇ ಓದಿದ್ದಾಳೆ ಅಂತ ತೋರಿಸಬೇಕು, ಇಲ್ಲದಿದ್ದರೆ ಹೊರಗಿನವರೆಲ್ಲ ಬಂದು ಸೀಟು ತಗೊಂಡುಬಿಡ್ತಾರೆ ಎಂದೆ. ಅವರು ಒಪ್ಪಿ ತಲೆಯಾಡಿಸಿದರು. ನಮೂನೆ ತುಂಬುತ್ತಾ ಆ ಹುಡುಗಿಯನ್ನು ಏನು ಓದಬೇಕಂತಿದ್ದೀಯಮ್ಮ ಎಂದು ಕೇಳಿದೆ. "ಲಾ ಓದೋಕೆ ಇಷ್ಟ ಸಾರ್. ಅದಕ್ಕೆ ಸಿಇಟಿ ಇಲ್ವಲ್ಲ, ಅದಕ್ಕೇ ಇದನ್ನ ಬರೆದೆ" ಎಂದಳು. ಬೆಂಗಳೂರಿನ ನಾಗರಭಾವಿಯಲ್ಲಿ ನಮ್ಮದೇ ರಾಜ್ಯದ ಕಾಯ್ದೆಯಿಂದ ಹುಟ್ಟಿದ, ದೇಶದ ಅತಿ ಹೆಸರುವಾಸಿಯಾದ ಕಾನೂನು ಶಾಲೆ ಇದೆ, ಅದಕ್ಕೆ ಕ್ಲಾಟ್ ಎಂಬ ಪರೀಕ್ಷೆ ಇದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಪಿಯು ತರಗತಿಗೆ ರಾಜ್ಯಶಾಸ್ತ್ರ ಹೇಳುವ, ಮೂಲಭೂತ ಹಕ್ಕುಗಳನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುವ ನಾನೇ ಅಷ್ಟು ವರ್ಷಗಳಲ್ಲಿ ಒಂದು ಸಲವೂ ತರಗತಿಯಲ್ಲಿ ಅದರ ಹೆಸರೆತ್ತಿರಲಿಲ್ಲ. ನಮ್ಮ ಮಕ್ಕಳಿಗಲ್ಲ ಅದು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆ ಹುಡುಗಿಯ ಸೀಟನ್ನು ಬಿಹಾರದವರೋ ಕೇರಳದವರೋ ಕಸಿದುಕೊಳ್ಳಲಿಲ್ಲ. ಅವಳು ಬಾಗಿಲವರೆಗೂ ಹೋಗಲೇ ಇಲ್ಲ. ನಮ್ಮ ರಾಜ್ಯದಲ್ಲಿ 'ಸ್ಥಳೀಯರಿಗೆ ಸೀಟು' ಎಂಬ ಕೂಗು ಎದ್ದಾಗಲೆಲ್ಲ ನನಗೆ ಅವಳ ಮುಖ ನೆನಪಾಗುತ್ತದೆ. ಕೂಗುವವರಿಗೆ ನನ್ನದೊಂದೇ ಪ್ರಶ್ನೆ: ಸ್ಥಳೀಯರು ಅಂದರೆ ಯಾವ ಸ್ಥಳದವರು?

ನಾಗರಭಾವಿಯ ಕಥೆಯನ್ನೇ ನೋಡಿ. ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿದ್ದು 1986ರ ಕರ್ನಾಟಕದ ಕಾಯ್ದೆಯಿಂದ. ನಮ್ಮ ನೆಲದಲ್ಲಿ ನಮ್ಮ ಮಕ್ಕಳೇ ಇಲ್ಲ ಎಂಬ ದೂರು ಹಳೆಯದು, ಅದರಲ್ಲಿ ಹುರುಳೂ ಇತ್ತು. 2020ರಲ್ಲಿ ವಿಧಾನಮಂಡಲ ಆ ಕಾಯ್ದೆಗೆ ತಿದ್ದುಪಡಿ ತಂದು ಶೇ. 25ರಷ್ಟು ಸೀಟನ್ನು 'ಕರ್ನಾಟಕದ ವಿದ್ಯಾರ್ಥಿ'ಗಳಿಗೆ ಮೀಸಲಿಟ್ಟಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಇದು ರಾಷ್ಟ್ರೀಯ ಸ್ವರೂಪದ ಸಂಸ್ಥೆ, ಇಂಥ ನಿಯಮ ಮಾಡುವುದು ಅದರ ಕಾರ್ಯಕಾರಿ ಪರಿಷತ್ತಿನ ಕೆಲಸ ಎಂಬುದು ತೀರ್ಪಿನ ಒಂದು ಮುಖ್ಯ ಎಳೆ. ಮುಂದಿನ ವರ್ಷ ಆ ಶಾಲೆಯೇ ತಾನಾಗಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25ರ ಪಾಲು ತಂದಿತು. ಗೆದ್ದೆವು ಎಂದು ಕೆಲವರು ಬೀಗಿದರು.

ಗೆದ್ದವರು ಯಾರು? ತಿದ್ದುಪಡಿಯ ಪ್ರಕಾರ ಕರ್ನಾಟಕದ ವಿದ್ಯಾರ್ಥಿ ಎಂದರೆ ಅರ್ಹತಾ ಪರೀಕ್ಷೆಗೆ ಮುಂಚೆ ಕನಿಷ್ಠ ಹತ್ತು ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿದವರು. ಹಾರನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಹತ್ತು ವರ್ಷ ಓದಿದರೂ ಹತ್ತು ವರ್ಷ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಶುಲ್ಕದ, ಈಜುಕೊಳವಿರುವ ಶಾಲೆಯಲ್ಲಿ ಓದಿದರೂ ಹತ್ತು ವರ್ಷ. ಕ್ಲಾಟ್ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಅದಕ್ಕೆ ಎರಡು ವರ್ಷ ಕೋಚಿಂಗ್ ಕೊಡುವ ಕೇಂದ್ರಗಳಿರುವುದು ಬೆಂಗಳೂರಿನಲ್ಲಿ, ಅರಸೀಕೆರೆಯಲ್ಲಲ್ಲ. ಈ ಎರಡು ಮಕ್ಕಳನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಿ, ಇಬ್ಬರೂ ಕನ್ನಡ ನಾಡಿನವರೇ, ಓಡಿ ಎಂದರೆ ಯಾರು ಮುಂದೆ ಹೋಗುತ್ತಾರೆಂದು ಹೇಳಲು ಜ್ಯೋತಿಷ್ಯ ಬೇಡ. ಹೊರ ರಾಜ್ಯದವರನ್ನು ಪಕ್ಕಕ್ಕೆ ಸರಿಸಿ ಮಾಡಿದ ಜಾಗದಲ್ಲಿ ಕುಳಿತುಕೊಳ್ಳುವುದು ರಾಜಧಾನಿಯ ಅನುಕೂಲಸ್ಥರ ಮಗುವೇ.

ಇದು ಹೊಸ ಆಟವೇನಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಮದರಾಸಿನಿಂದ ಬಂದ ಅಧಿಕಾರಿಗಳ ವಿರುದ್ಧ 'ಮೈಸೂರು ಮೈಸೂರಿನವರಿಗೆ' ಎಂಬ ಕೂಗು ಎದ್ದಿತ್ತು. ಹೊರಗಿನವರ ಜಾಗಕ್ಕೆ ಮೈಸೂರಿನವರು ಬಂದರು ಸರಿ, ಆದರೆ ಬಂದವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಇಂಗ್ಲಿಷ್ ಓದಿದ್ದ ಬ್ರಾಹ್ಮಣರು. ಒಕ್ಕಲಿಗ, ಲಿಂಗಾಯತ, ಮುಸ್ಲಿಮ್ ಮುಖಂಡರು ಸೇರಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಇಟ್ಟ ಪ್ರಶ್ನೆ ಇದೇ ಆಗಿತ್ತು: ನಾವು ಮೈಸೂರಿನವರಲ್ಲವೇ? ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೂ ಹುದ್ದೆಗಳಲ್ಲಿ ಪಾಲು, ಓದುವವರಿಗೆ ವಿದ್ಯಾರ್ಥಿವೇತನ ಎಂಬ ದಾರಿ ಅಲ್ಲಿಂದ ತೆರೆಯಿತು. ನೂರು ವರ್ಷಕ್ಕೂ ಹಿಂದೆ ಈ ನಾಡು ಅರ್ಥ ಮಾಡಿಕೊಂಡ ಪಾಠ ಅದು. 'ನಮ್ಮವರು' ಎಂಬ ಮಾತು ಅರ್ಧ ವಾಕ್ಯ ಮಾತ್ರ, 'ಯಾವ ನಮ್ಮವರು' ಎಂದಾಗಲೇ ಅದು ಪೂರ್ತಿಯಾಗುವುದು. ಇವತ್ತು ನಾವು ಮತ್ತೆ ಅರ್ಧ ವಾಕ್ಯಕ್ಕೇ ಚಪ್ಪಾಳೆ ತಟ್ಟುತ್ತಿದ್ದೇವೆ.

ಇನ್ನು 'ಹೊರಗಿನವರು' ಎಂಬ ಮಾತು. ಅದಕ್ಕೆ ಇನ್ನೊಂದು ಅರ್ಥವನ್ನೂ ನಾವು ಮಾಡಿಕೊಂಡಿದ್ದೆವು: ಹೆಚ್ಚು ದುಡ್ಡು ಕೊಡುವವರು. 1989ರಲ್ಲಿ ನಮ್ಮ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕಕ್ಕೆ ಹೊರಡಿಸಿದ ಅಧಿಸೂಚನೆಯಲ್ಲಿ ಮೂರು ಬೆಲೆಗಳಿದ್ದವು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಕರ್ನಾಟಕದವರಿಗೆ 25,000ದವರೆಗೆ. ಹೊರ ರಾಜ್ಯದವರಿಗೆ 60,000ದವರೆಗೆ. ತುಮಕೂರಿನ ಕಾಲೇಜೊಂದರಲ್ಲಿ ಆ ದುಡ್ಡು ಕೊಡಲಾಗದ ಮೀರತ್‌ನ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಕೋರ್ಟು ಶಿಕ್ಷಣ ಬದುಕುವ ಹಕ್ಕಿನ ಭಾಗ ಎಂದಿತು. ಆ ತೀರ್ಪನ್ನು ಮುಂದಿನ ವರ್ಷದ ಉನ್ನಿಕೃಷ್ಣನ್ ತೀರ್ಪು ತಿದ್ದಿತು, ಅದನ್ನು 2002ರ ಟಿ.ಎಂ.ಎ. ಪೈ ತೀರ್ಪು ಬದಲಿಸಿತು. ನನಗೆ ಇಲ್ಲಿ ಮುಖ್ಯವೆನಿಸುವುದು ಬೇರೆ ಸಂಗತಿ. ಹೊರಗಿನವರು ಬೇಡ ಎನ್ನುವ ರಾಜ್ಯವೇ ಹೊರಗಿನವರು ಕೊಡುವ ದುಡ್ಡಿಗೆ ದರಪಟ್ಟಿ ಬರೆದಿತ್ತು.

ದೂರದ ಅಮೆರಿಕದಲ್ಲೂ ಇದೇ ಕಥೆ. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರ ರಾಜ್ಯದವರು ಕೊಡುವ ಶುಲ್ಕ ಬಹಳ ಹೆಚ್ಚು. 2008ರ ಆರ್ಥಿಕ ಕುಸಿತದ ನಂತರ ಕ್ಯಾಲಿಫೋರ್ನಿಯಾ ಸರ್ಕಾರ ತನ್ನ ವಿಶ್ವವಿದ್ಯಾಲಯಕ್ಕೆ ಕೊಡುವ ಹಣ ಕಡಿಮೆ ಮಾಡಿದಾಗ, ಅದು ಹೊರಗಿನವರನ್ನು ಹೆಚ್ಚು ಹೆಚ್ಚು ಸೇರಿಸಿಕೊಳ್ಳತೊಡಗಿತು. ತೆರಿಗೆ ಕಟ್ಟುವ ತಂದೆತಾಯಿಗಳು ಸಿಟ್ಟಾದರು. 2017ರಲ್ಲಿ ಅದರ ಹೆಚ್ಚಿನ ಕ್ಯಾಂಪಸ್‌ಗಳಿಗೆ ಶೇ. 18ರ ಮಿತಿ ಬಂತು. ಜಗಳ ಹೊರಗಿನವರ ಮೇಲೆ ನಡೆಯಿತು, ತಪ್ಪು ಕೈ ಹಿಂತೆಗೆದ ಸರ್ಕಾರದ್ದಾಗಿತ್ತು.

ನಮ್ಮ ಜಿಲ್ಲೆಯಲ್ಲಿ ಆ ಕೈ ಹಿಂತೆಗೆದದ್ದನ್ನು ಕಣ್ಣಾರೆ ನೋಡಿದ್ದೇವೆ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹಾಸನದ ಹೇಮಗಂಗೋತ್ರಿ, ಕೆಲವು ವರ್ಷಗಳ ಹಿಂದೆ ಹಾಸನ ವಿಶ್ವವಿದ್ಯಾಲಯವಾಯಿತು. ಅರಸೀಕೆರೆ, ಬೇಲೂರು, ಸಕಲೇಶಪುರದ ಹುಡುಗಿಯರು ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬರಬಹುದಾದ ಎಂ.ಎ., ಎಂ.ಕಾಂ. ಅಲ್ಲಿದೆ. ಹಾಸ್ಟೆಲಿಗೆ ಕಳಿಸೋಕಾಗಲ್ಲ ಎನ್ನುವ ಮನೆಗಳಲ್ಲಿ ಪದವಿಯ ನಂತರದ ಓದು ಉಳಿಯುವುದು ಈ ಬಸ್ಸಿನ ದೂರದ ಮೇಲೆಯೇ. 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು, ಹಾಸನವೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವುದೇ ಸರಿ ಎಂಬ ಅಭಿಪ್ರಾಯಕ್ಕೆ ಬಂತು. ಕಾರಣ, ಹಣವಿಲ್ಲ. ಹುಟ್ಟಿಸುವಾಗ ಒಂದು ಸರ್ಕಾರ ಹಣ ಕೊಡಲಿಲ್ಲ, ಹಣವಿಲ್ಲವೆಂದು ಇನ್ನೊಂದು ಸರ್ಕಾರ ಮುಚ್ಚಲು ಹೊರಟಿತು.

ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. 2020ರಲ್ಲಿ ನಾಗರಭಾವಿಯಲ್ಲಿದ್ದ 120 ಸೀಟುಗಳಲ್ಲಿ ಶೇ. 25 ಅಂದರೆ 30 ಸೀಟು. ಆ ಮೂವತ್ತಕ್ಕೆ ಕಾಯ್ದೆ ತಿದ್ದಿ, ಕೋರ್ಟಿನಲ್ಲಿ ವಾದ ಮಾಡಿ, ನಾಡಿನ ಸ್ವಾಭಿಮಾನದ ಮಾತಾಡಿದೆವು. ಒಂಬತ್ತು ವಿಶ್ವವಿದ್ಯಾಲಯಗಳ ಮಾತು ಬಂದಾಗ ಲೆಕ್ಕಪತ್ರದ ಮಾತಾಡಿದೆವು. ಹಾಸನದಲ್ಲಿ ಓದುವವರು ಹೆಚ್ಚುಕಡಿಮೆ ಎಲ್ಲರೂ ಸ್ಥಳೀಯರೇ. ಅವರಿಗೆ ಸ್ಪರ್ಧೆಗೆ ಹೊರಗಿನವರು ಯಾರೂ ಇಲ್ಲ. ಬಹುಶಃ ಅದಕ್ಕೇ ಅವರ ಪರವಾಗಿ ಯಾರಿಗೂ ಆವೇಶ ಬರುವುದಿಲ್ಲ.

ಹಾಗಾದರೆ ಸ್ಥಳೀಯರಿಗೆ ಪಾಲೇ ಬೇಡವೇ ಎಂದು ನೀವು ಕೇಳಬಹುದು. ಖಂಡಿತ ಬೇಕು. ರಾಜ್ಯದ ಜನರ ದುಡ್ಡಿನಲ್ಲಿ ನಡೆಯುವ ಸಂಸ್ಥೆಗೆ ಆ ಜನರ ಋಣವಿದೆ. 1984ರ ಪ್ರದೀಪ್ ಜೈನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಣ್ಣಿನ ಮಕ್ಕಳ ವಾದವನ್ನು ಕಟುವಾಗಿ ಟೀಕಿಸಿದರೂ, ಎಂಬಿಬಿಎಸ್ ಮಟ್ಟದಲ್ಲಿ ಒಂದು ಮಿತಿಯೊಳಗೆ ಇಂಥ ಪಾಲನ್ನು ಒಪ್ಪಿತು. ಹಿಂದುಳಿದ ಪ್ರದೇಶಗಳ ಅಗತ್ಯ ಅದಕ್ಕೆ ಕಾರಣಗಳಲ್ಲೊಂದು. 2025ರ ಜನವರಿಯ ತನ್ವಿ ಬೆಹ್ಲ್ ತೀರ್ಪು, ವೈದ್ಯಕೀಯ ಸ್ನಾತಕೋತ್ತರ ಸೀಟಿಗೆ ವಾಸಸ್ಥಳದ ಮೀಸಲು ಸಲ್ಲದು ಎಂದಿತು. ಅಂದರೆ ಪಾಲು ನ್ಯಾಯವಾಗುವುದು ಹಿಂದುಳಿದಿರುವಿಕೆಯಿಂದ, ರಾಜ್ಯದ ಗಡಿಯೊಳಗೆ ಇದ್ದ ಮಾತ್ರಕ್ಕಲ್ಲ. ನಮ್ಮ ಸಿಇಟಿಯಲ್ಲಿ ಶೇ. 15ರ ಗ್ರಾಮೀಣ ಮೀಸಲು, ಶೇ. 5ರ ಕನ್ನಡ ಮಾಧ್ಯಮ ಮೀಸಲು ಇರುವುದು ಈ ತಿಳಿವಳಿಕೆಯಿಂದಲೇ. ಆ ಹುಡುಗಿಯ ಆ ಎರಡು ನಮೂನೆಗಳಿಗೆ ಅರ್ಥವಿತ್ತು. ಅದೇ ತಿಳಿವಳಿಕೆ ನಾಗರಭಾವಿಯ ತಿದ್ದುಪಡಿ ಬರೆಯುವಾಗ ಎಲ್ಲಿ ಹೋಗಿತ್ತು?

ಬೇರೆಯವರು ದಾರಿ ತೋರಿಸಿದ್ದಾರೆ. ತಮಿಳುನಾಡು 2020ರಲ್ಲಿ ಕಾಯ್ದೆ ಮಾಡಿ, ಸರ್ಕಾರಿ ಶಾಲೆಯಲ್ಲಿ ಆರರಿಂದ ಹನ್ನೆರಡನೇ ತರಗತಿವರೆಗೆ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ. 7.5 ಕೊಟ್ಟಿತು. ಮರುವರ್ಷ ಎಂಜಿನಿಯರಿಂಗ್, ಕಾನೂನು ಮುಂತಾದವಕ್ಕೂ ವಿಸ್ತರಿಸಿತು. ದೆಹಲಿಯ ಜೆಎನ್‌ಯು ಬಹುಕಾಲ ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಹೆಚ್ಚುವರಿ ಅಂಕ ಕೊಡುತ್ತಿತ್ತು, ಅವರು ಯಾವ ರಾಜ್ಯದವರೇ ಇರಲಿ. ಅಮೆರಿಕದ ಟೆಕ್ಸಾಸ್ 1997ರಲ್ಲಿ, ರಾಜ್ಯದ ಪ್ರತಿ ಹೈಸ್ಕೂಲಿನಲ್ಲೂ ಮೊದಲ ಶೇ. 10ರೊಳಗೆ ಬಂದವರಿಗೆ ಸರ್ಕಾರಿ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಹಳ್ಳಿಯ ಶಾಲೆಯ ಮೊದಲಿಗಳು ತನ್ನ ಶಾಲೆಯವರ ಜೊತೆ ಹೋಲಿಸಿಕೊಂಡರೆ ಸಾಕು, ನಗರದ ದುಬಾರಿ ಶಾಲೆಯ ಜೊತೆಗಲ್ಲ.

ಇವನ್ನು ನಮ್ಮ ನಾಡಿಗೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ರಾಜ್ಯದ ಪಾಲು ಎಷ್ಟೇ ಇರಲಿ, ಅದರಲ್ಲಿ ಅರ್ಧ ಸರ್ಕಾರಿ ಶಾಲೆಯವರಿಗೆ ಮೀಸಲಿರಲಿ. ಆ ಅರ್ಧವನ್ನು ತಾಲ್ಲೂಕುಗಳಿಗೆ ಸರದಿಯಂತೆ ಹಂಚಲಿ. ಕ್ಲಾಟ್ ಕನ್ನಡದಲ್ಲೂ ನಡೆಯಲಿ. ಸೇರಿದ ಮಗುವಿಗೆ ಮೊದಲ ವರ್ಷ ಇಂಗ್ಲಿಷ್ ಕಲಿಸುವ ಹೊಣೆ ಆ ಸಂಸ್ಥೆಯದೇ ಆಗಲಿ. ಉಳಿದ ಸೀಟುಗಳಿಗೆ ದೇಶದ ಯಾರಾದರೂ ಬರಲಿ.

ಅವರು ಬರಬೇಕು ಎನ್ನುವುದಕ್ಕೂ ಕಾರಣವಿದೆ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಅದಕ್ಕೆ ಮುಂಚೆ ಮುಂಬೈ ಪ್ರಾಂತ್ಯದ ಕನ್ನಡಿಗರಲ್ಲಿ ಎಷ್ಟೋ ಜನ ಓದಿಗೆ ಪುಣೆ, ಮುಂಬೈಗೆ ಹೋಗುತ್ತಿದ್ದರು. ಬೇಂದ್ರೆಯವರು ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಆಮೇಲೆ ಸೊಲ್ಲಾಪುರದ ಕಾಲೇಜಿನಲ್ಲಿ ಪಾಠವನ್ನೂ ಹೇಳಿದರು. ನಮ್ಮ ಜಿಲ್ಲೆಯ ಹೆಮ್ಮೆ ಎನ್ನುವ ಬೇಲೂರಿನ ಗುಡಿಯಲ್ಲಿ ಹೆಸರು ಕೆತ್ತಿಹೋದ ದಾಸೋಜ, ಚಾವಣರು ಬಳ್ಳಿಗಾವೆಯಿಂದ ಬಂದವರು. ಕೆಲಸ ಬಲ್ಲವರಿಗೆ ಜಾಗ ಕೊಟ್ಟು ನಾವೇನೂ ಕಳೆದುಕೊಳ್ಳಲಿಲ್ಲ. ಕಳೆದುಕೊಂಡದ್ದು ಕೆಲಸ ಕಲಿಯಬಹುದಾಗಿದ್ದ ನಮ್ಮದೇ ಮಕ್ಕಳನ್ನು ಉಳಿ ಹಿಡಿಯುವ ಮೊದಲೇ ಮನೆಗೆ ಕಳಿಸಿದಾಗ.

ಆ ಹುಡುಗಿಗೆ ಎಂಜಿನಿಯರಿಂಗ್ ಸೀಟು ಮನಸ್ಸಿಗೆ ಒಪ್ಪುವಂಥದ್ದು ಸಿಗಲಿಲ್ಲ. ಬಿ.ಎ. ಮುಗಿಸಿ ಹೇಮಗಂಗೋತ್ರಿಯಲ್ಲಿ ಎಂ.ಎ.ಗೆ ಸೇರಿದಳು. ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಿ, "ಸಾರ್, ನಮ್ಮ ಯೂನಿವರ್ಸಿಟಿ ಮುಚ್ತಾರಂತೆ, ಸರ್ಟಿಫಿಕೇಟ್ ಯಾರ ಹೆಸರಲ್ಲಿ ಬರುತ್ತೆ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಬಸ್ಸು ಬಂತು, ಹತ್ತಿದಳು.

ಈಗ ಪ್ರತಿ ವರ್ಷ ದ್ವಿತೀಯ ಪಿಯು ತರಗತಿಯಲ್ಲಿ ಮೊದಲ ದಿನವೇ ಬೋರ್ಡಿನ ಮೇಲೆ ಕ್ಲಾಟ್ ಎಂದು ಬರೆಯುತ್ತೇನೆ. ಮಕ್ಕಳು ಪುಸ್ತಕದಲ್ಲಿ ಇಳಿಸಿಕೊಳ್ಳುತ್ತಾರೆ. ಒಬ್ಬ ಮೇಷ್ಟ್ರ ಕೈಲಾಗುವುದು ಅಷ್ಟು. ಮುಂದಿನದು, ನಮ್ಮವರು ನಮ್ಮವರು ಎಂದು ಎದೆ ಬಡಿದುಕೊಳ್ಳುವ ವಿಧಾನಸೌಧದ ಕೈಯಲ್ಲಿದೆ.