ಆಟ ಪುಕ್ಕಟೆ, ಬೀಗದ ಕೈ ಯಾರದು?

ಬ್ರೌಸರಿನಲ್ಲಿ ಪುಕ್ಕಟೆ ಆಟಗಳನ್ನು ಕಂಡು ಮಕ್ಕಳು ಹಿಗ್ಗುತ್ತಾರೆ. ಹಿಗ್ಗಲಿ. ಆದರೆ ಆ ಆಟ ನಡೆಸುವ ಯಂತ್ರ ಯಾರ ವಶದಲ್ಲಿದೆ ಎಂದು ನಾವು ಕೇಳಲೇಬೇಕು.

1996ರಲ್ಲಿ ಹುಟ್ಟಿದ ಫ್ಲ್ಯಾಶ್ ತಂತ್ರದಲ್ಲಿ ಸಾವಿರಾರು ಆಟಗಳು ತಯಾರಾದವು. ಕಟ್ಟಿದವರಲ್ಲಿ ಅನೇಕರು ಒಂಟಿಯಾಗಿ ದುಡಿದವರು, ವಿದ್ಯಾರ್ಥಿಗಳು. ಆಟ ನಡೆಸುವ ಪ್ಲೇಯರಿನ ಒಡೆತನ ಮಾತ್ರ ಒಂದೇ ಕಂಪನಿಯದು: ಮೊದಲು ಮ್ಯಾಕ್ರೋಮೀಡಿಯಾ, 2005ರಿಂದ ಅಡೋಬಿ. ಭದ್ರತೆಯ ದೋಷಗಳು ಮೇಲಿಂದ ಮೇಲೆ ಕಂಡವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕೈಬಿಟ್ಟಿತು. 2021ರ ಜನವರಿ 12ರಿಂದ ಪ್ಲೇಯರೇ ಆಟಗಳನ್ನು ತಡೆಯಿತು. ಗಿರಣಿಗೆ ಬೀಗ ಬಿದ್ದಂತೆ! ದುಡಿಮೆ ಒಳಗೆ, ದುಡಿದವನು ಹೊರಗೆ.

ದೋಷವಿದ್ದ ಯಂತ್ರ ನಿಲ್ಲಿಸಿದ್ದನ್ನು ನಾವು ಖಂಡಿಸುವುದಿಲ್ಲ. ಸಾವಿರಾರು ಜನರ ಶ್ರಮ ಒಬ್ಬನ ಬೀಗಕ್ಕೆ ಸಿಕ್ಕಿದ್ದನ್ನು ಖಂಡಿಸುತ್ತೇವೆ. ಆಟಗಳನ್ನು ಉಳಿಸಲು ಮುಂದೆ ಬಂದವರು ಯಾರು? ರಫಲ್, ಫ್ಲ್ಯಾಶ್‌ಪಾಯಿಂಟ್ ಕಟ್ಟಿದ ಸ್ವಯಂಸೇವಕರು.

ಇಂದಿನ ಬ್ರೌಸರ್ ಆಟಗಳು ಎಚ್‌ಟಿಎಂಎಲ್5, ವೆಬ್‌ಜಿಎಲ್ ಎಂಬ ಬಹಿರಂಗ ನಿಯಮಗಳ ಮೇಲೆ ನಡೆಯುತ್ತವೆ. ಯಾರು ಬೇಕಾದರೂ ಅವನ್ನು ಓದಿ ಯಂತ್ರ ಕಟ್ಟಬಹುದು. ಇದು ಮುನ್ನಡೆಯೇ ಸರಿ. ಆದರೂ ಬಹುಮಂದಿ ಬಳಸುವ ಕ್ರೋಮ್ ಬ್ರೌಸರು ಗೂಗಲ್ ಕಂಪನಿಯದು. ನಿಯಮ ಸಾರ್ವಜನಿಕವಾದರೆ ಸಾಲದು. ಅದನ್ನು ಕಾಯುವ ಜನರೂ ಎಚ್ಚರವಾಗಿರಬೇಕು.